ಉಂಡ ಮೇಲೆ ಸೈಕಲ್ಲಿನ ಮಾತು

ಗುಡೂರಿನ ಹನಮವ್ವನನ್ನು ಇಳಕಲ್ಲಿನ ಶಿವಲಿಂಗವ್ವ ಮೊದಲ ಸಲ ಕಂಡದ್ದು ಒಂದು ಬುಧವಾರ, ಮಟಮಟ ಮಧ್ಯಾಹ್ನ. ಆಗ ಶಿವಲಿಂಗವ್ವನ ಹೊಟ್ಟೆ ಹಸಿದಿತ್ತು. ಹಸಿದದ್ದು ಬಡತನಕ್ಕಲ್ಲ, ಶಿಸ್ತಿಗೆ. ಯವಾರಕ್ಕೆ ಹೋದ ಮನೆಯಲ್ಲಿ ಬೆಲೆ ಗಟ್ಟಿಯಾಗುವ ತನಕ ಗುಟುಕು ನೀರನ್ನೂ ಕುಡಿಯಬಾರದು ಎಂಬುದು ಆಕೆಯ ಸಂವಿಧಾನದ ಮೊದಲ ಕಲಮು. ಒಮ್ಮೆ ಅವರ ಚಹಾ ಗಂಟಲಲ್ಲಿ ಇಳಿಯಿತೋ, ಚೌಕಾಸಿ ಮೇಲೆ ಏರುವುದಿಲ್ಲ. ಎರಡಕ್ಕೂ ಇರುವುದು ಅದೊಂದೇ ದಾರಿಯಲ್ಲವೇ? ಹೀಗೆ ನಂಬಿ ನೂಲು, ಬಣ್ಣ, ಹಂಡೆ, ಎಮ್ಮೆ ಎಲ್ಲದರ ಬೆಲೆಯನ್ನೂ ಒಣ ಗಂಟಲಿನಿಂದಲೇ ನೆಲಕ್ಕಿಳಿಸಿದ ಹೆಂಗಸು ಆಕೆ.

ಅಂದು ಬೇಕಾಗಿದ್ದದ್ದು ಸೊಸೆಗೊಂದು ಸೈಕಲ್ಲು. ಸೊಸೆ ಸುಧಾರಾಣಿಗೆ ಇಳಕಲ್ಲಿನ ಹೊರಗೆ, ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಬಿಲ್ಲು ಬರೆಯುವ ಕೆಲಸ ಸಿಕ್ಕಿತ್ತು. ಸೋಮವಾರದಿಂದ ಹಾಜರಾಗಬೇಕು, ತಡವಾದರೆ ಬರುವುದೇ ಬೇಡ ಎಂದು ಮಾಲಕ ಹೇಳಿಬಿಟ್ಟಿದ್ದ. ಆ ದಾರಿಗೆ ಬೆಳಿಗ್ಗೆ ಬಸ್ಸಿಲ್ಲ. "ನಾ ಬಿಟ್ಟು ಬರ್ತೇನಿ ತಗೋ" ಎಂದು ಗಂಡ ಶ್ರೀಧರ ಧೈರ್ಯ ಕೊಟ್ಟಿದ್ದ. (ಪವರ್‌ಲೂಮಿನ ರಾತ್ರಿ ಪಾಳಿ ಮುಗಿಸಿ ಮಲಗಿದರೆ ಆತ ಏಳುವುದು ಮಧ್ಯಾಹ್ನದ ರೊಟ್ಟಿಯ ಸಪ್ಪಳಕ್ಕೆ. ಬಿಟ್ಟು ಬರುವುದು ಖರೆ; ಯಾವ ದಿನದ ಹಾಜರಿಗೆ ಎಂಬುದಷ್ಟೇ ಪ್ರಶ್ನೆ.) ಸೊಸೆಯಾಗಿ ಬಂದ ದಿನದಿಂದ ಮನೆಯ ಸೀರೆ ಮಗ್ಗಕ್ಕೆ ನೂಲು ಸುತ್ತಿಕೊಡುತ್ತ ಕೂತ ಹುಡುಗಿ. ಕಾಲೇಜು ಕಲಿತ ಅಕ್ಷರಕ್ಕೆ ಈಗೊಂದು ಕುರ್ಚಿ ಸಿಕ್ಕಿದೆ. ಅದು ಕೈತಪ್ಪಬಾರದೆಂಬ ಹಟ ಸೊಸೆಗಿಂತ ಅತ್ತೆಗೇ ಹೆಚ್ಚು.

ಜನ ಹಳೇ ಸಾಮಾನಿನ ಫೋಟೊ ಹಾಕಿ ಮಾರುವ ಮೊಬೈಲಿನ ಸಂತೆಯಲ್ಲಿ ಸುಧಾರಾಣಿ ಒಂದು ನೀಲಿ ಲೇಡೀಸ್ ಸೈಕಲ್ಲನ್ನು ಹುಡುಕಿದಳು. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ಬೆಲೆಯೂ ಕೈಗೆಟುಕುವಂಥದ್ದು.

"ಹಿಂಬದಿ ತೋರ್ಸು" ಎಂದಳು ಶಿವಲಿಂಗವ್ವ. ಸೀರೆಯ ಖರೇ ಗುಣ ತಿಳಿಯುವುದು ಹಿಂಬದಿಯಲ್ಲೇ.

"ಹಿಂಬದಿ ಹಾಕಿಲ್ರಿ ಅತ್ತಿ."

ಶಿವಲಿಂಗವ್ವ ಮೊಬೈಲನ್ನೇ ಮಗುಚಿ ನೋಡಿದಳು. ಅಲ್ಲಿ ಕವರಿನ ಮೇಲಿನ ಗುಲಾಬಿ ಹೂವಿತ್ತು, ಅಷ್ಟೇ. "ಹೋಗೇ ನೋಡೂಣು. ನೀ ಮಾತ್ರ ಅಲ್ಲಿ ಬಾಯಿ ತೆಗೀಬ್ಯಾಡ. ಮಾತಾಡಾಕೂ, ತಿನ್ನಾಕೂ."

ಇಂಥ ಭದ್ರ ಕೋಟೆ ಕಟ್ಟಿಕೊಂಡು ಗುಡೂರಿಗೆ ಹೋದರೆ, ಸೈಕಲ್ಲಿನ ಒಡತಿ ಹನಮವ್ವ ಬಾಗಿಲಲ್ಲಿ ತಂಬಿಗೆ ನೀರು ಹಿಡಿದೇ ನಿಂತಿದ್ದಳು.

"ಬರ್ರಿ ಅಕ್ಕಾ, ಕೈಕಾಲು ತೊಳಕೋರಿ. ಎಲಿ ಹಾಕೇನಿ."

"ಊಟ ಬ್ಯಾಡ್ರಿ. ಸೈಕಲ್ ಎಲ್ಲೈತಿ?"

"ಎಲ್ಲಿ ಓಡಿ ಹೋಗ್ತೈತ್ರಿ ಅದು? ಕೀಲಿ ಹಾಕೇನಿ, ಕೀಲಿ ನನ್ನ ಸೊಂಟದಾಗ ಐತಿ. ಉಂಡ ಮ್ಯಾಲೆ ಮಾತು."

ಒಳಗಿನಿಂದ ಎಣ್ಣಿಗಾಯಿ ಬದನೆಕಾಯಿಯ ವಾಸನೆ ಹೊರಗೆ ಬಂದು ಶಿವಲಿಂಗವ್ವನ ಮೂಗು ಹಿಡಿದು ಎಳೆಯಿತು. ಆಕೆ ಕಣ್ಣು ಮುಚ್ಚಿ, ದೇವರ ಮೇಲೆ ಭಾರ ಹಾಕಿ, ಸುಳ್ಳು ಹೇಳಿದಳು.

"ನಂದು ಇವತ್ತ ಉಪಾಸ ಐತ್ರಿ."

"ಬುಧವಾರ?" ಹನಮವ್ವ ಬೆರಳು ಮಡಿಚಿದಳು. "ಸೋಮವಾರ ಈಶ್ವರಂದು, ಮಂಗಳವಾರ ದ್ಯಾಮವ್ವಂದು, ಶನಿವಾರ ಹನಮಪ್ಪಂದು. ಬುಧವಾರ ಯಾವ ದೇವರಂದ್ರಿ?"

"ನಮ್ಮ ಮನಿದೇವರಂದು."

"ಈ ತಂಗೀಗೆ?"

"ಆಕೀಗೂ." (ಸುಧಾರಾಣಿಯ ಹೊಟ್ಟೆ ಗುರ್ರ್ ಎಂದು ಪ್ರತಿಭಟಿಸಿತು. ಬಾಯಿ ತೆಗೆಯಬೇಡ ಎಂದಿದ್ದಳು ಅತ್ತೆ; ಹೊಟ್ಟೆಗೆ ಹೇಳಿರಲಿಲ್ಲ.)

ಹನಮವ್ವ ಒಳಗೆ ಹೋಗಿ ಕೆನೆಹಾಲು, ಬಾಳೆಹಣ್ಣು, ಶೇಂಗಾ ಉಂಡಿ ತಂದಿಟ್ಟಳು. "ಉಪಾಸದ್ದ ಐತ್ರಿ, ತಗೋರಿ."

"ನಮ್ಮ ದೇವರಿಗೆ ಶೇಂಗಾ ನಡ್ಯಂಗಿಲ್ರಿ."

"ಬಾಳಿಹಣ್ಣು?"

"ಅದೂ ಇಲ್ರಿ."

"ನೀರಾದ್ರೂ?"

"ಸಂಜೀತನಕ ಇಲ್ರಿ."

"ಯವ್ವಾ, ಭಾಳ ಕಡಕ ದೇವರು ಬಿಡ್ರಿ!" ಹನಮವ್ವ ಎರಡೂ ಕೈ ಮುಗಿದಳು. "ಇಂಥಾ ಉಪಾಸದಾಗ ಇರೋರ ಕೂಡ ರೊಕ್ಕದ ಮಾತಾಡಿದ್ರ ಆ ಪಾಪ ನನಗ ಸುತ್ಕೋತೈತಿ. ನಾಳೆ ಬರ್ರಿ."

ಶಿವಲಿಂಗವ್ವ ಕಟ್ಟಿದ ಕೋಟೆಯ ಬಾಗಿಲು ಆಕೆಯನ್ನೇ ಹೊರಗಿಟ್ಟು ಮುಚ್ಚಿಕೊಂಡಿತು. ಅದೇ ಹೊತ್ತಿಗೆ ಕಟ್ಟೆಯ ಮೇಲಿದ್ದ ಹನಮವ್ವನ ಗಂಡ ಮಲಕಪ್ಪ ಫೋನು ಕಿವಿಯಿಂದ ಇಳಿಸಿ ಹೇಳಿದ:

"ಹುನಗುಂದದ ಅನಿಲಕುಮಾರ ಅನ್ನಾಂವ ಸೈಕಲ್ ನೋಡಾಕ ಬಸ್ ಹತ್ತ್ಯಾನಂತ. ಊಟಕ್ಕ ಬದನಿಕಾಯಿ ಐತಿ ಅಂದೆ. 'ಉಂಡ ಮಾತಾಡೂಣ್ರಿ' ಅಂದ, ಶಾಣ್ಯಾ ಮನಿಷ್ಯಾ." ಆಮೇಲೆ ದನಿ ಇಳಿಸಿ, "ಕೂಡ್ರಿ ಯಕ್ಕಾ. ಊಟದ ವಿಷಯದಾಗ ಈಕೀನ ಗೆದ್ದವರಿಲ್ಲ. ಲಗ್ನಾದಾಗಿಂದ ನಾ ಸೋತೀನಿ" ಎಂದ.

ಸುಧಾರಾಣಿ ಇನ್ನು ತಡೆಯಲಿಲ್ಲ. "ಅತ್ತಿ, ಸೋಮವಾರ ಮುಂಜಾನೆ ನಿಮ್ಮ ಮನಿದೇವರು ನನ್ನನ್ನ ತನ್ನ ಹೆಗಲ ಮ್ಯಾಲೆ ಹೊತ್ಕೊಂಡು ಹೋಗ್ತಾನೇನ್ರಿ ಕಾರ್ಖಾನಿಗೆ?"

ಶಿವಲಿಂಗವ್ವ ಸೊಸೆಯ ಮುಖ ನೋಡಿದಳು. ಆ ಕಣ್ಣಲ್ಲಿ ನೀರು ಬರುವುದಕ್ಕೂ ಬಾರದಿರುವುದಕ್ಕೂ ನಡುವೆ ಒಂದೇ ಎಳೆಯ ಅಂತರವಿತ್ತು.

"ದೇವರು ಈಗಷ್ಟ ಅಪ್ಪಣಿ ಕೊಟ್ಟ" ಎಂದಳು. "ಬಡಸ್ರಿ."

ಆಕೆ ಉಪವಾಸ ಮುರಿದ ರೀತಿಗೆ ಉಪವಾಸವೇ ನಾಚಿಕೊಂಡಿತು. ಉಬ್ಬಿದ ಬಿಸಿ ರೊಟ್ಟಿ ಒಂದರ ಹಿಂದೊಂದು ಬಂದವು. ಅವುಗಳ ಮೇಲೆ ಬೆಣ್ಣೆ, ಪಕ್ಕದಲ್ಲಿ ಕೆಂಪು ಚಟ್ನಿ. "ಇನ್ನರ್ಧ" ಎಂದು ಹನಮವ್ವ ಹಾಕಿದ್ದು ಒಮ್ಮೆಯೂ ಅರ್ಧವಿರಲಿಲ್ಲ.

ಆಮೇಲೆ ಸೈಕಲ್ಲು ಬಂತು. ಶಿವಲಿಂಗವ್ವ ಅದನ್ನು ಬೋರಲು ನಿಲ್ಲಿಸಿ, ಸೀರೆ ನೋಡಿದ ಹಾಗೆ ಹಿಂಬದಿಯನ್ನು ಬೆರಳಾಡಿಸಿ ನೋಡಿದಳು. ತಪ್ಪು ಸಿಕ್ಕವು: ಗಂಟೆ ಬಡಿಯುವುದಿಲ್ಲ, ಸೀಟು ಕೆಳಗೆ ಹರಿದಿದೆ, ಮಡ್‌ಗಾರ್ಡಿನ ಒಳಗೆ ತುಕ್ಕು. ಒಂದೊಂದಕ್ಕೂ ಒಂದೊಂದು ಮೆಟ್ಟಿಲು ಬೆಲೆ ಇಳಿಸಬಹುದಿತ್ತು. ಆಕೆ ಬಾಯಿ ತೆರೆದಳು. ತೇಗು ಬಂತು.

"ಏನಂದ್ರಿ ಅಕ್ಕಾ?" ಎಂದಳು ಹನಮವ್ವ.

ಬದನೆಕಾಯಿಯೇ ಉತ್ತರ ಕೊಟ್ಟಿತು: "ಭಾಳ ಚೊಲೋ ಐತಿ ತಂಗಿ. ನೀ ಹೇಳಿದ ಬೆಲೀನ ಖರೆ." ಎಮ್ಮೆಯ ಬೆಲೆ ಇಳಿಸಿದ ಬಾಯಿ, ಕೇಳಿದಷ್ಟನ್ನೂ ಎಣಿಸಿ ಕೊಟ್ಟಿತು. ಸುಧಾರಾಣಿ ಅತ್ತೆಗೆ ಜ್ವರವೇನಾದರೂ ಬಂದಿದೆಯೋ ಎಂದು ಹಣೆ ಮುಟ್ಟಿ ನೋಡಿದಳು.

ಆದರೆ ಮರುಗಳಿಗೆಯೇ ಸೊಸೆ ಸೈಕಲ್ ಹತ್ತಿದಳು. ಓಣಿಯಲ್ಲಿ ಮೊದಲು ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು, ಒಂದು ಆಡಿನ ಕೂಡ ಮುಖಾಮುಖಿಯಾದಳು. ಗಂಟೆ ಬಡಿಯದ್ದಕ್ಕೆ "ಸರೀರಿ, ಸರೀರಿ!" ಎಂದು ಆಡಿಗೂ ಮರ್ಯಾದೆ ಕೊಟ್ಟು ಕೂಗಿದಳು. ಆಡು ಸರಿಯಿತು. ಅಲ್ಲಿಂದ ಸೈಕಲ್ಲು ಮಗ್ಗದಲ್ಲಿ ಬಿಗಿದ ಹಾಸಿನ ಎಳೆಯ ಹಾಗೆ ನೆಟ್ಟಗೆ ಹೋಯಿತು. ಆ ಗಾಲಿಗಳಲ್ಲಿ ಸೋಮವಾರ ಆಗಲೇ ತಿರುಗುತ್ತಿತ್ತು. ಕೊಟ್ಟದ್ದು ಜಾಸ್ತಿಯಾಯಿತು ಎಂಬ ಸಂಕಟ ಶಿವಲಿಂಗವ್ವನ ಎದೆಯಲ್ಲಿ ಕೂತುಕೊಳ್ಳಲು ಜಾಗ ಹುಡುಕಿತು, ಸಿಗಲಿಲ್ಲ.

ಸೈಕಲ್ಲನ್ನು ಟಂಟಂ ಗಾಡಿಯ ನೆತ್ತಿಗೆ ಕಟ್ಟಿ ಇಬ್ಬರೂ ಹತ್ತಿದಾಗ ಹನಮವ್ವ ಹತ್ತಿರ ಬಂದಳು.

"ಅಕ್ಕಾ, ನೀವು ಮಗ್ಗದ ಮಂದಿ ಅಂತ ಸೊಸಿ ಹೇಳಿದ್ಳು. ಈ ಸೈಕಲ್ ಬಿಟ್ಟು ಸ್ಕೂಟಿ ತಗೊಂಡಾಳಲ್ಲ ನಮ್ಮ ಮಗಳು ಅನುರಾಧಾ, ಆಕೀ ಲಗ್ನ ಗಟ್ಟ್ಯಾಗೇತಿ. ಸೀರಿ ತಗೊಳ್ಳಾಕ ನಿಮ್ಮನಿಗೇ ಬರ್ತೇವ್ರಿ."

ಶಿವಲಿಂಗವ್ವನ ಮುಖ ಅರಳಿತು. ಈಗ ಒಲೆ ತನ್ನದು, ಎಲೆಯೂ ತನ್ನದು. "ಬರ್ರಿ ತಂಗಿ, ಎಲ್ಲಾರೂ ಬರ್ರಿ! ಹೋಳಿಗಿ ಮಾಡಸ್ತೇನಿ, ಹೊಟ್ಟಿ ತುಂಬ ಉಣ್ರಿ, ಆಮ್ಯಾಲೆ ನಿವಾಂತ ಸೀರಿ ನೋಡೀರಂತ."

ಗಾಡಿ ಗುಡುಗುಟ್ಟಿತು. ಹನಮವ್ವ ನಗುತ್ತ ಕಂಬಿ ಹಿಡಿದು ಒಳಗೆ ಬಗ್ಗಿ ಕೇಳಿದಳು:

"ಹೊಟ್ಟಿ ಖಾಲಿ ಇದ್ದಾಗ ಬೆಲಿ ಮಾತಾಡೂದು ಚೊಲೋ, ಅಲ್ಲೇನ್ರಿ ಅಕ್ಕಾ?"