ಸ್ವರವಿದೆ, ವ್ಯಂಜನವಿಲ್ಲ

ಕಿವುಡಿನಲ್ಲಿ ಎರಡು ಬಗೆ: ಒಂದು ಬರೀ ಕಿವುಡು, ಇನ್ನೊಂದು ಜಾಣಕಿವುಡು. ನನ್ನದು ಎರಡನೆಯ ಬಗೆಯದೆಂದು ನನ್ನ ಹೆಂಡತಿ ಸುಶೀಲಾ ಬಹಳ ವರ್ಷ ನಂಬಿದ್ದಳು. "ತಿಂಡಿಗೆ ಬನ್ನಿ ಅಂದ್ರೆ ಬೀದಿ ತುದೀಲಿದ್ರೂ ಕೇಳುತ್ತೆ, ಹಾಲು ತನ್ನಿ ಅಂದ್ರೆ ಪಕ್ಕದಲ್ಲಿದ್ರೂ ಕೇಳಲ್ಲ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ನಾನು ಎದುರಾಡುತ್ತಿರಲಿಲ್ಲ. ಜಾಣ ಎಂಬ ಮಾತು ಮದುವೆಯಾದ ಮೇಲೆ ನನಗೆ ಇನ್ನೆಲ್ಲೂ ಸಿಕ್ಕಿರಲಿಲ್ಲ, ಸಿಕ್ಕಲ್ಲಿ ಬಿಡುವುದು ಯಾಕೆ? ಆದರೆ ಒಳಗೊಳಗೇ ಒಂದು ಪುಕುಪುಕು ಇದ್ದೇ ಇತ್ತು. ಟೀವಿಯಲ್ಲಿ ವಾರ್ತೆ ಓದುವವರು ವರ್ಷದಿಂದ ವರ್ಷಕ್ಕೆ ಬಾಯಲ್ಲಿ ಅನ್ನ ಇಟ್ಟುಕೊಂಡು ಮಾತಾಡತೊಡಗಿದ್ದರು. ಬಸ್ಸಿನ ಕಂಡಕ್ಟರುಗಳೂ ಹಾಗೇ. ಊರಿಗೆ ಊರೇ ಉಚ್ಚಾರ ಕೆಡಿಸಿಕೊಂಡಿತಲ್ಲ ಎಂದು ನಾನು ಕನ್ನಡದ ಭವಿಷ್ಯದ ಬಗ್ಗೆ ಚಿಂತೆ ಮಾಡುತ್ತಿದ್ದೆ.

ನಾನು ಇರುವುದು ಚಂದಾಪುರದಲ್ಲಿ, ಕೆಲಸ ಬೊಮ್ಮಸಂದ್ರದ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ. ತಗಡಿನ ಮೇಲೆ ಪ್ರೆಸ್ಸು ಬೀಳುವ ಜಾಗ ಅದು. ಧಡ್ ಧಡ್ ಎಂದು ಬೆಳಗಿನಿಂದ ಸಂಜೆಯವರೆಗೆ ಬೀಳುತ್ತಲೇ ಇರುತ್ತದೆ. ಅಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲರೂ ಅರಚುತ್ತಾರೆ. ಮೆಲ್ಲಗೆ ಮಾತಾಡಿದವನನ್ನು ಹೊಸಬ ಎಂದು ಗುರುತಿಸುತ್ತೇವೆ. ಕಿವಿಗೆ ಇಟ್ಟುಕೊಳ್ಳಲು ಕಂಪನಿ ರಬ್ಬರಿನ ಬಿರಡೆ ಕೊಡುತ್ತದೆ. ಅದನ್ನು ದಾರ ಸಮೇತ ಕೊರಳಿಗೆ ಹಾಕಿಕೊಂಡು, ಸೇಫ್ಟಿ ಆಫೀಸರು ಬರುವುದು ಕಂಡಾಗ ಮಾತ್ರ ಕಿವಿಗೆ ತುರುಕುವುದು ನಮ್ಮ ಸಂಪ್ರದಾಯ. ಹೀಗೆ ಇಪ್ಪತ್ತು ಚಿಲ್ಲರೆ ವರ್ಷ ಕೊರಳನ್ನು ಶಬ್ದದಿಂದ ಕಾಪಾಡಿಕೊಂಡು ಬಂದಿದ್ದೇನೆ.

ಹೋದ ಆಯುಧಪೂಜೆಯ ದಿನ ನನ್ನ ಜಾಣತನವೆಲ್ಲ ಉದುರಿಹೋಗಿ ಬರೀ ಕಿವುಡು ಉಳಿಯಿತು. ಅವತ್ತು ಪ್ರೆಸ್ಸುಗಳಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಶೆಡ್ಡಿನಲ್ಲೇ ಎಲೆ ಹಾಕಿ ಎಲ್ಲರಿಗೂ ಊಟ. ಸೂಪರ್‌ವೈಸರುಗಳು ಬಡಿಸಬೇಕು, ಮಿಕ್ಕವರು ಉಣ್ಣಬೇಕು. ನಾನೂ ಒಬ್ಬ ಸೂಪರ್‌ವೈಸರು, ನನ್ನ ಪಾಲಿಗೆ ಶ್ಯಾವಿಗೆ ಪಾಯಸದ ಬಕೆಟ್ಟು ಬಂತು. ಮ್ಯಾನೇಜರ ಎಲೆಗೆ ಒಂದು ಸೌಟು ಹಾಕಿದೆ. ಅವರು ಎಲೆಗೆ ಕೈ ಅಡ್ಡ ಹಿಡಿದು "ಆಕು, ಆಕು" ಅಂದರು. ನಮ್ಮ ಆನೇಕಲ್ ಕಡೆ ಹಾಕು ಅನ್ನುವುದಕ್ಕೆ ಆಕು ಅನ್ನುತ್ತಾರೆ. ನಮ್ಮವ್ವ ಸಾಯುವವರೆಗೂ 'ಹ' ಅಕ್ಷರವನ್ನು ಮುಟ್ಟಿದವಳಲ್ಲ. ಮ್ಯಾನೇಜರೂ ನಮ್ಮ ತಾಲ್ಲೂಕಿನವರೇ. ಇಂಗ್ಲಿಷು ಬಿಟ್ಟು ಬೇರೆ ಮಾತಾಡದವರು ಹಬ್ಬದ ದಿನ ಎಲೆ ಮುಂದೆ ಕೂತು ಊರ ಮಾತು ಆಡುತ್ತಿದ್ದಾರಲ್ಲ ಎಂದು ನಾನು ಹಿಗ್ಗಿಹೋದೆ. ಅಡ್ಡ ಹಿಡಿದ ಕೈ ಬರೀ ಸಂಕೋಚದ್ದು, ಮನಸ್ಸಿನ ಮಾತು ಬಾಯಲ್ಲಿದೆ ಎಂದುಕೊಂಡು ಇನ್ನೊಂದು ಸೌಟು ಹಾಕಿದೆ. "ಆಕೂ!" ಅಂದರು. ಮತ್ತೊಂದು ಹಾಕಿದೆ. ಪಾಯಸ ಕೋಸಂಬರಿಯನ್ನು ದಾಟಿ, ಎಲೆಯ ಅಂಚನ್ನೂ ದಾಟಿ ಅವರ ಹೊಸ ಪ್ಯಾಂಟಿನ ಕಡೆಗೆ ಹೊರಟಾಗ ಅವರು ಎದ್ದೇ ನಿಂತರು. "ಸಾಕು ಅಂದೆ ಕಣ್ರೀ, ಸಾಕು! ನಂಗೆ ಶುಗರ್ ಇದೆ! ಕಿವಿ ಕೆಪ್ಪಾಗಿದ್ಯಾ?" ಪ್ರೆಸ್ಸುಗಳು ನಿಂತಿದ್ದ ದಿನವಾದ್ದರಿಂದ ಅದು ಇಡೀ ಶೆಡ್ಡಿಗೆ ಕೇಳಿಸಿತು. ನನಗೂ ಕೇಳಿಸಿತು.

ಆದರೂ ನಾನು ಬಗ್ಗಲಿಲ್ಲ. ಮ್ಯಾನೇಜರ ಬಾಯಲ್ಲಿ ಹೋಳಿಗೆ ಇತ್ತು ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಬಗ್ಗಿಸಿದ್ದು ಸುಶೀಲಾಳ ಗಂಟಲು. ಅವಳು ಚಂದಾಪುರದ ಒಂದು ಶಾಲೆಯಲ್ಲಿ ಮೇಡಂ, ಮೂರನೇ ಕ್ಲಾಸಿನ ಮಕ್ಕಳಿಗೆ ಪಾಠ. ಬೆಳಿಗ್ಗೆಯೆಲ್ಲ ಅಲ್ಲಿ ಕೂಗಿ, ಸಂಜೆಯೆಲ್ಲ ಮನೆಯಲ್ಲಿ ನನಗೆ ಕೂಗಿ, ಬೇಸಿಗೆ ರಜೆ ಹತ್ತಿರ ಬರುವ ಹೊತ್ತಿಗೆ ಅವಳ ದನಿ ಒಡೆದು, ಮುರುಕು ಹಾರ್ಮೋನಿಯಂ ಆಗಿಬಿಟ್ಟಿತ್ತು. ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬಾಯೊಳಗೆ ಕನ್ನಡಿ ಇಟ್ಟು ನೋಡಿ, "ಇಷ್ಟು ಕೂಗೋದು ಯಾರನ್ನ ಮೇಡಂ? ಎಷ್ಟು ಮಕ್ಕಳು?" ಅಂದರು. ಸುಶೀಲಾ ಮಾತಾಡದೆ ನನ್ನ ಕಡೆ ಬೆರಳು ತೋರಿಸಿದಳು. ಅವರು ಕೇಳಿದ್ದರಲ್ಲಿ ನನಗೆ ತಲುಪಿದ್ದು 'ಮಕ್ಕಳು' ಒಂದೇ. "ಒಬ್ಬಳೇ ಮಗಳು ಸಾರ್, ಮದುವೆ ಆಗಿ ಹುಬ್ಬಳ್ಳೀಲಿದ್ದಾಳೆ" ಅಂದೆ. ಡಾಕ್ಟರು ಕನ್ನಡಿ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ನನಗೆ ಕೇಳಿಸುವ ಹಾಗೆ, "ಗಂಟಲು ಇವರದು, ಕಾಯಿಲೆ ನಿಮ್ದು" ಅಂದರು.

ದನಿಯ ತಂತಿಗಳ ಮೇಲೆ ಸಣ್ಣ ಗಂಟು ಎದ್ದಿವೆಯಂತೆ. ರಜೆ ಮುಗಿಯುವವರೆಗೂ ಸುಶೀಲಾ ಕೂಗುವ ಹಾಗಿಲ್ಲ, ಪಿಸುಗುಟ್ಟುವ ಹಾಗೂ ಇಲ್ಲ, ಅದೂ ಗಂಟಲಿಗೆ ಹಿಂಸೆಯೇ. ಮೆಲ್ಲಗೆ, ಬೇಕಾದಷ್ಟೇ ಮಾತಾಡಬೇಕು. "ಸ್ಕೂಲು ಶುರುವಾಗೋ ಹೊತ್ತಿಗೆ ಗಂಟು ಕರಗದಿದ್ರೆ ಆಪರೇಷನ್ನೇ. ಆಮೇಲೆ ದನಿ ಮೊದಲಿನ ಹಾಗೇ ಬರುತ್ತೆ ಅಂತ ನಾನು ಮಾತು ಕೊಡಲ್ಲ" ಅಂದರು. ಹೊರಗೆ ಬಂದು ಆಟೋ ಕಾಯುವಾಗ ಸುಶೀಲಾಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ದನಿ ಇಲ್ಲದ ಮೇಡಂ ಮೂರನೇ ಕ್ಲಾಸಿನಲ್ಲಿ ಏನು ಮಾಡಬೇಕು? ಆ ಶಾಲೆ ಅವಳ ಪ್ರಾಣ. ಅದನ್ನು ಕಸಿದುಕೊಳ್ಳುತ್ತಿರುವುದು ಮಕ್ಕಳಲ್ಲ, ನಾನು.

ಅವತ್ತಿನಿಂದ ನಮ್ಮ ಮನೆಯಲ್ಲಿ 'ಆಂ?' ಎನ್ನುವುದಕ್ಕೆ ನಾನೇ ನಿಷೇಧ ಹೇರಿಕೊಂಡೆ. ನಾನು ಒಂದು ಸಲ 'ಆಂ?' ಅಂದರೆ ಅವಳು ಅದೇ ಮಾತನ್ನು ಇನ್ನೊಮ್ಮೆ, ಇನ್ನೂ ಜೋರಾಗಿ ಹೇಳಬೇಕು. ಅಂದರೆ ಗಂಟನ್ನು ನಾನೇ ಬೆಳೆಸಿದಂತೆ. ಹಾಗಾಗಿ ಅವಳು ಏನೇ ಹೇಳಲಿ, ಕೇಳಿಸಿದವನ ಹಾಗೆ ತಲೆಯಾಡಿಸಿ ಎದ್ದುಹೋಗುತ್ತಿದ್ದೆ. ಎಲ್ಲಿಗೆ, ಏನು ತರಲು ಎನ್ನುವುದನ್ನು ನಡೆಯುತ್ತ ನಡೆಯುತ್ತ ಊಹಿಸಬೇಕಾಗಿತ್ತು. ಸೊಪ್ಪು ತನ್ನಿ ಅಂದರೆ ಉಪ್ಪು ತಂದೆ. ಮನೆಯಲ್ಲಿ ಮೂರು ತಿಂಗಳಿಗಾಗುವಷ್ಟು ಉಪ್ಪು ಸೇರಿತು. ಒಂದು ದಿನ ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು ಅವಳು ಒಳಗಿನಿಂದ ಏನೋ ಕೇಳಿದಳು. ಹಗಲು ಹೊತ್ತಿನಲ್ಲಿ ಅಡುಗೆಮನೆಗೆ ಹಾಸಿಗೆ ಯಾಕಪ್ಪಾ ಎಂದು ಅನುಮಾನ ಬಂದರೂ, ಪಾಪ, ಸುಸ್ತಾಗಿರಬೇಕು ಎಂದು ಹಾಸಿಗೆ ಸುತ್ತಿಕೊಂಡು ಹೆಗಲ ಮೇಲೆ ಹೊತ್ತು ತಂದೆ. ಅವಳು ಕೇಳಿದ್ದು ಸಾಸಿವೆ. ಎಣ್ಣೆ ಹೊಗೆಯಾಡುತ್ತಿತ್ತು. ಹಾಸಿಗೆ ಹೊತ್ತು ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಅವಳಿಗೆ ಬಯ್ಯಬೇಕೆನಿಸಿತು, ಬಯ್ಯುವ ಹಾಗಿಲ್ಲ. ನಗು ಬಂತು, ಜೋರಾಗಿ ನಗುವ ಹಾಗೂ ಇಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿ ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ. ಮಾರನೆಯ ದಿನವೇ ರಜೆ ಹಾಕಿ ಮಾರತ್ತಹಳ್ಳಿಗೆ ಹೊರಟೆ, ಅವಳನ್ನೂ ಕರೆದುಕೊಂಡು.

ಅಲ್ಲಿ ಕಿವಿ ಪರೀಕ್ಷೆ ಮಾಡುವ ಒಂದು ಕ್ಲಿನಿಕ್ಕಿದೆ ಎಂದು ಡಾಕ್ಟರು ಹೇಳಿದ್ದರು. ಹೊಸೂರು ರಸ್ತೆಯಲ್ಲಿ ಮೇಲುಸೇತುವೆಗೆ ಕಂಬ ನೆಡುತ್ತಿದ್ದಾರೆ. ಬಸ್ಸು ಸಿಲ್ಕ್ ಬೋರ್ಡು ದಾಟುವಷ್ಟರಲ್ಲಿ ನನ್ನ ಧೈರ್ಯ ಎರಡು ಸಲ ಬಂದು ಎರಡು ಸಲ ಹೋಯಿತು. ಕ್ಲಿನಿಕ್ಕಿನಲ್ಲಿದ್ದದ್ದು ನಮ್ಮ ಮಗಳ ವಯಸ್ಸಿನ ಹುಡುಗಿ, ಮೈಸೂರಿನಲ್ಲಿ ಓದಿದವಳು. ನನ್ನನ್ನು ಗಾಜಿನ ಗೂಡಿನೊಳಗೆ ಕೂರಿಸಿ, ಶಬ್ದ ಕೇಳಿಸಿದಾಗಲೆಲ್ಲ ಗುಂಡಿ ಒತ್ತಿ ಅಂದಳು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಸುಮ್ಮನೆ ಕೂತರೆ ಮರ್ಯಾದೆ ಹೋಗುತ್ತದೆಂದು ಅಂದಾಜಿನ ಮೇಲೆ ಆಗಾಗ ಒತ್ತಿದೆ. ಅವಳು ಬಾಗಿಲು ತೆಗೆದು, "ಸಾರ್, ನಾನಿನ್ನೂ ಶುರು ಮಾಡಿಲ್ಲ" ಅಂದಳು.

ಪರೀಕ್ಷೆ ಮುಗಿದ ಮೇಲೆ ಕಾಗದದ ಮೇಲಿನ ಗೆರೆ ತೋರಿಸಿದಳು. ಮೊದಲು ಸಮತಟ್ಟಾಗಿ ಬಂದು ಆಮೇಲೆ ಧೊಪ್ಪನೆ ಕೆಳಗೆ ಬಿದ್ದಿತ್ತು. "ನಿಮಗೆ ಶಬ್ದ ಕೇಳಿಸುತ್ತೆ ಸಾರ್, ಅಕ್ಷರ ಕೇಳಿಸಲ್ಲ. ಅ, ಆ, ಉ, ಓ ಎಲ್ಲ ದಪ್ಪ ದನಿ, ಚೆನ್ನಾಗಿ ಬರ್ತಿವೆ. ಸ, ಶ, ಚ, ತ ಇವೆಲ್ಲ ತೆಳ್ಳಗಿನವು, ಮಿಷನ್ ಸದ್ದಿಗೆ ಮೊದಲು ಹೋಗೋದೇ ಇವು. ಸ್ವರ ಉಳಿದಿದೆ, ವ್ಯಂಜನ ಹೋಗಿದೆ." ವ್ಯಂಜನವಿಲ್ಲದ ಊಟ ಎಂಥದು ಎಂದು ಲಗ್ನದ ಮನೆಗಳಲ್ಲಿ ಉಂಡ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮ್ಯಾನೇಜರ 'ಸಾಕು' ತಲೆ ಕಳೆದುಕೊಂಡು 'ಆಕು' ಆದದ್ದು ಹೀಗೆ. ಪಾಪ, ಅವರು ಊರ ಮಾತು ಆಡಿರಲೇ ಇಲ್ಲ. ಆಮೇಲೆ ಇನ್ನೊಂದು ಹೊಳೆಯಿತು. ಸು, ಶೀ. ನನ್ನ ಹೆಂಡತಿಯ ಹೆಸರಿನ ಮೊದಲ ಎರಡು ಅಕ್ಷರಗಳೂ ಹೋದ ಗುಂಪಿನವೇ. ಎಷ್ಟು ವರ್ಷದಿಂದ ಜನ ಆ ಹೆಸರನ್ನು ನನ್ನ ಮುಂದೆ ಹೇಳುತ್ತಿದ್ದರೋ, ನಾನು ಕೇಳದೆಯೇ ಕೇಳಿದೆ ಎಂದುಕೊಂಡಿದ್ದೆನೋ!

ಹುಡುಗಿ ಮೇಜಿನ ಮೇಲೆ ಬಗೆಬಗೆಯ ಕಿವಿ ಮಿಷನ್ನು ಇಟ್ಟಳು. ಕಿವಿಯೊಳಗೇ ಹುದುಗುವ ಪುಟಾಣಿಯೊಂದನ್ನು ಕಂಡೊಡನೆ ನಾನು "ಇದೇ ಇರಲಿ" ಅಂದೆ. ಅದು ಹೊರಗೆ ಕಾಣುವುದಿಲ್ಲ. ಮೂರು ಶಿಫ್ಟಿನವರೂ ನನ್ನನ್ನು ಕೆಪ್ಪ ಎಂದು ಕರೆಯುವುದನ್ನು ನೆನೆಸಿಕೊಂಡೇ ನನಗೆ ಬೆವರು ಬರುತ್ತಿತ್ತು. "ಅದು ನಿಮ್ಮ ಕಿವಿಗೆ ಸಾಲಲ್ಲ ಸಾರ್, ಬ್ಯಾಟರಿನೂ ನಿಮ್ಮ ಬೆರಳಿಗೆ ಸಿಗಲ್ಲ" ಅಂದಳು. ಸಿಗುತ್ತದೆ ಎಂದು ಹಟ ಹಿಡಿದೆ. ಕಾಳಿನಷ್ಟಿದ್ದ ಬ್ಯಾಟರಿ ನನ್ನ ಬೆರಳಿನಿಂದ ಜಾರಿ ಸೋಫಾದ ಕೆಳಗೆ ಹೋಯಿತು. ಹುಡುಗಿ ವಾದ ಮಾಡಲಿಲ್ಲ. ಸುಶೀಲಾಳನ್ನು ನನ್ನ ಬೆನ್ನ ಹಿಂದೆ ನಿಲ್ಲಿಸಿ, "ಮೇಡಂ, ಮನೇಲಿ ಮಾತಾಡೋ ಹಾಗೇ ಮೆಲ್ಲಗೆ ಒಂದೊಂದು ಮಾತು ಹೇಳಿ. ಯಾವುದ್ರಲ್ಲಿ ಕೇಳುತ್ತೋ ಅದನ್ನ ತಗೊಳ್ಲಿ" ಅಂದಳು. ಪುಟಾಣಿಯಲ್ಲಿ ಉಪ್ಪು ಕೇಳಿಸಿತು. ಇನ್ನೊಂದರಲ್ಲಿ ಹಾಸಿಗೆ ಕೇಳಿಸಿತು. ಮೂರನೆಯದು ಕಿವಿಯ ಹಿಂದೆ ಕೂರುವಂಥದು, ಒಳಕ್ಕೆ ಒಂದು ತೆಳು ಕೊಳವೆ. ಎರಡೂ ಕಿವಿಗೆ ಹಾಕಿ, ಕಂಪ್ಯೂಟರಿನಲ್ಲಿ ಏನೋ ಸರಿಮಾಡಿದಳು. ಹಿಂದಿನಿಂದ ಯಾರೋ ಮೆಲ್ಲಗೆ "ಸೊಪ್ಪು" ಅಂದರು. 'ಸ' ಹಾವಿನ ಹಾಗೆ ಸರ್ರನೆ ಬಂತು. ಆಮೇಲೆ "ಸಾಸಿವೆ". ಆಮೇಲೆ ಸ್ವಲ್ಪ ತಡೆದು, "ಸುಶೀಲಾ". ಆ ದನಿಗೆ ವಯಸ್ಸಾಗಿತ್ತು. ನಾನು ತಿರುಗಿ ನೋಡದೆ ಕಣ್ಣೊರೆಸಿಕೊಂಡು, "ಕೇಳಿಸ್ತು ಕಣೇ!" ಎಂದು ಕೂಗಿದೆ. ಹೊರಗೆ ಕಾಯುತ್ತ ಕೂತಿದ್ದವರಲ್ಲಿ ಒಬ್ಬರು ಗಾಬರಿಯಿಂದ ಎದ್ದು ನಿಂತರಂತೆ.

ಮರ್ಯಾದೆ ಬಿಟ್ಟು ಅದನ್ನೇ ತಂದೆ. ಪ್ರೆಸ್ ಶಾಪಿನೊಳಗೆ ಮಾತ್ರ ಅದನ್ನು ತೆಗೆದಿಟ್ಟು ಬಿರಡೆ ಹಾಕಿಕೊಳ್ಳಬೇಕು ಎಂದು ಹುಡುಗಿ ಆಣೆ ಮಾಡಿಸಿಕೊಂಡಿದ್ದಳು. ಕ್ಯಾಂಟೀನಿನಲ್ಲಿ ಅದನ್ನು ಕಂಡು ಯಾರೂ ಕೆಪ್ಪ ಅನ್ನಲಿಲ್ಲ, ಒಬ್ಬೊಬ್ಬರಾಗಿ ಪಕ್ಕಕ್ಕೆ ಕರೆದು, "ಎಲ್ ತಗೊಂಡ್ರಿ ಸಾರ್?" ಎಂದು ಕೇಳಿದರು. ಅದೂ ಜೋರಾಗಿ. ಮನೆಯಲ್ಲಿ ಪೇಪರು ತಿರುವಿದರೆ ತಗಡು ಬಿದ್ದಂತಾಗುತ್ತಿತ್ತು. ಚಂದಾಪುರದಲ್ಲಿ ಸೊಳ್ಳೆಯೇ ಇಲ್ಲ ಎಂದು ವರ್ಷಗಟ್ಟಲೆ ಸುಶೀಲಾಳ ಜೊತೆ ವಾದಿಸಿದ್ದವನು ಮೊದಲ ದಿನ ಸಂಜೆಯೇ ಸೋತೆ. ಒಂದೇ ತಕರಾರು, ನನ್ನ ದನಿಯದು. ಮಿಷನ್ನಿನಲ್ಲಿ ಅದು ಗೊರಗೊರ ಎಂದು ಒಡಕಾಗಿ ಬರುತ್ತಿತ್ತು. ನನ್ನ ದನಿ ಕಂಚಿನ ಕಂಠ ಎಂದು ನಾನು ತಿಳಿದಿದ್ದೆ. ಮಿಷನ್ನಿನಲ್ಲೇ ದೋಷ ಎಂದು ಎರಡು ಸಲ ಮಾರತ್ತಹಳ್ಳಿಗೆ ಹೋಗಿ ಜಗಳ ಮಾಡಿದೆ. ಹುಡುಗಿ ಎರಡು ಸಲವೂ ಸರಿಮಾಡಿ ಕೊಟ್ಟಳು. ಮಿಕ್ಕವರ ದನಿಯೆಲ್ಲ ಸ್ವಚ್ಛವಾಯಿತು, ನನ್ನದು ಮಾತ್ರ ಹಾಗೇ ಉಳಿಯಿತು.

ಶಾಲೆ ಶುರುವಾಗುವ ಮುಂಚಿನ ವಾರ ಗಂಟಲಿನ ಡಾಕ್ಟರ ಹತ್ತಿರ ಹೋದೆವು. ಅವರು ಕನ್ನಡಿ ಇಟ್ಟು ನೋಡುತ್ತಿದ್ದಷ್ಟು ಹೊತ್ತೂ ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಅವರು ತಲೆಯೆತ್ತಿ, "ಗಂಟು ಕರಗಿದೆ. ಆಪರೇಷನ್ ಬೇಡ. ಆರಾಮಾಗಿ ಮಾತಾಡಿ ಮೇಡಂ, ಕೂಗೋದೊಂದು ಬೇಡ" ಅಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಇಷ್ಟು ದಿನ ಮಾತನ್ನು ಬಿಗಿಹಿಡಿದವಳು, ಈಗ ಮೊದಲ ಮಾತು ನನ್ನ ಬಗ್ಗೆ ಏನಾದರೂ ಒಳ್ಳೆಯದೇ ಆಡುತ್ತಾಳೆಂದು ಕಾದೆ. ಅವಳು ಡಾಕ್ಟರ ಕಡೆ ತಿರುಗಿ ಮೆಲ್ಲಗೆ, ಸ್ಪಷ್ಟವಾಗಿ ಕೇಳಿದಳು: "ಡಾಕ್ಟ್ರೇ, ಇವರು ಕೂಗೋದಕ್ಕೆ ಏನಾದ್ರೂ ಔಷಧಿ ಇದ್ಯಾ?"

"ನಾನೆಲ್ಲಿ ಕೂಗ್ತೀನಿ!" ಎಂದು ಕೂಗಿದೆ. ಡಾಕ್ಟರು ಮತ್ತೆ ಕನ್ನಡಿ ಕೈಗೆತ್ತಿಕೊಂಡು, "ಎಲ್ಲಿ, ಬಾಯಿ ಬಿಡಿ" ಅಂದರು. ಮಿಷನ್ನು ಸುಳ್ಳು ಹೇಳಿರಲಿಲ್ಲ. ನನ್ನ ಗಂಟಲಿನಲ್ಲಿದ್ದ ಗಂಟುಗಳು ಸುಶೀಲಾಳವಕ್ಕಿಂತ ದೊಡ್ಡವಂತೆ, ಹಳೆಯವಂತೆ. ಪ್ರೆಸ್ಸಿನ ಸದ್ದಿನ ಮೇಲೆ ಅರಚಿ ಅರಚಿ ಬೆಳೆಸಿದವು. ಸದ್ಯಕ್ಕೆ ಪೂರ್ತಿ ಮೌನ, ಒಂದಕ್ಷರವೂ ಆಡಕೂಡದು ಅಂದರು.

ಹಾಗಾಗಿ ಈಗ ನಾನು ಕಂಪನಿಗೆ ಡಾಕ್ಟರ ಚೀಟಿ ಕೊಟ್ಟು ರಜೆಯ ಮೇಲೆ ಮನೆಯಲ್ಲಿದ್ದೇನೆ, ಬಾಯಿ ಮುಚ್ಚಿಕೊಂಡು ಇದನ್ನು ಬರೆಯುತ್ತಿದ್ದೇನೆ. ಸುಶೀಲಾ ಶಾಲೆಗೆ ಹೋಗಿ ಬರುತ್ತಾಳೆ, ದನಿ ಚೆನ್ನಾಗಿದೆ. ರಜೆಯಲ್ಲಿ ಆಡದೆ ಉಳಿಸಿಕೊಂಡ ಮಾತೆಲ್ಲ ಈಗ ಒಂದೊಂದಾಗಿ ಹೊರಬರುತ್ತಿದೆ. ಅಡುಗೆಮನೆಯಲ್ಲಿ ನನಗೆ ಬೆನ್ನು ಮಾಡಿ ನಿಂತು ನನ್ನ ಬಗ್ಗೆ, ನನ್ನ ಅಕ್ಕಂದಿರ ಬಗ್ಗೆ, ನಾನು ತಂದ ಉಪ್ಪಿನ ಬಗ್ಗೆ ಹೇಳುತ್ತಲೇ ಇರುತ್ತಾಳೆ. ಸ್ವರ ವ್ಯಂಜನ ಒಂದೂ ತಪ್ಪದೆ ಎಲ್ಲವೂ ನನ್ನ ಎರಡೂ ಕಿವಿಗೆ ಬೀಳುತ್ತಿದೆ. ಪ್ರತಿಯೊಂದಕ್ಕೂ ನನ್ನ ಹತ್ತಿರ ತಕ್ಕ ಉತ್ತರವಿದೆ. ಸ್ವಲ್ಪ ಹೊತ್ತು ಕಾಯುತ್ತಾಳೆ, ಆಮೇಲೆ ಅಭ್ಯಾಸಬಲದಿಂದ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ಕೇಳುತ್ತಾಳೆ:

"ರೀ, ನಿಮಗೇ ಹೇಳ್ತಿರೋದು. ಕೇಳಿಸ್ತಾ?"