ಕಿವುಡಾದ ಹೋಂ ಥಿಯೇಟರ್

ನನ್ನ ನೆನಪಿನ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು ಹೀಗೆ ಹೇಳಿದರೆ ಕೇಳುವವರಿಗೆ ಸ್ವಲ್ಪ ಗಾಬರಿಯಾಗುತ್ತದೆ, ಆದರೂ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಎಂ.ಎ. ಓದುವಾಗ ಭಾಷಣ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂದಿತ್ತೆಂದು ಹದಿನೈದು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಬೇಕೆಂದು ಹೇಳಿದ ಸುಳ್ಳಲ್ಲ. ಚಪ್ಪಾಳೆಯ ಸದ್ದು ಕೂಡ ಕಿವಿಯಲ್ಲಿತ್ತು. ಒಮ್ಮೆ ಮನೆ ಬದಲಿಸುವಾಗ ಹಳೇ ಟ್ರಂಕಿನಿಂದ ಪ್ರಮಾಣಪತ್ರ ಹೊರಬಿತ್ತು. ಅದರಲ್ಲಿ 'ಸಮಾಧಾನಕರ ಬಹುಮಾನ' ಎಂದಿತ್ತು. ಸಮಾಧಾನವಂತೂ ಆಗಲಿಲ್ಲ. ಅಂದಿನಿಂದ ದಿನಚರಿ ಬರೆಯುತ್ತೇನೆ. ಅದನ್ನೂ ಬರೆದವನು ನಾನೇ ಆದ್ದರಿಂದ ಪೂರ್ತಿ ನಂಬುವುದಿಲ್ಲ.

ನಮ್ಮ ಮನೆ ಇರುವುದು ದೊಡ್ಡಬಳ್ಳಾಪುರದಲ್ಲಿ, ಮುನಿರಾಜಪ್ಪನವರ ಮಗ್ಗದ ಶೆಡ್ಡಿಗೆ ಗೋಡೆ ತಾಗಿಸಿಕೊಂಡು. ಅವರ ಎಂಟು ಪವರ್‌ಲೂಮುಗಳು ಒಟ್ಟಿಗೆ ಟಕಟಕ ಎಂದು ಶುರುವಾದರೆ ನಮ್ಮ ಟೀವಿಯಲ್ಲಿ ನಾಯಕ ನಾಯಕಿಗೆ ಏನೋ ಹೇಳುತ್ತಾನೆ, ಅವಳು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಏನು ಹೇಳಿದ, ಏಕೆ ಅತ್ತಳು ಎಂಬುದು ನಮಗೆ ತಿಳಿಯುವುದಿಲ್ಲ. ಹೀಗೆ ಕಾರಣ ಗೊತ್ತಿಲ್ಲದ ದುಃಖಗಳನ್ನು ನೋಡಿ ನೋಡಿ ಬೇಸತ್ತು ನಾನು ಹೋಂ ಥಿಯೇಟರ್ ತಂದೆ. ಐದು ಸ್ಪೀಕರು, ಮೂಲೆಯಲ್ಲಿ ಕೂತು ಗುಡುಗುವ ಒಂದು ದೊಡ್ಡ ಡಬ್ಬ, ಇವೆಲ್ಲಕ್ಕೂ ಯಜಮಾನನಂತಿರುವ ಕಪ್ಪು ಪೆಟ್ಟಿಗೆ. ಮಗ್ಗಗಳು ಸೋತವು. ನನ್ನ ಹೆಂಡತಿ ಸರೋಜಳೂ ಒಂದು ದಿನ, "ಪರವಾಗಿಲ್ಲ ರೀ, ಒಂದ್ ಒಳ್ಳೇ ಕೆಲ್ಸ ಮಾಡಿದ್ರಿ" ಎಂದಳು. ಆ ದಿನಾಂಕ ದಿನಚರಿಯಲ್ಲಿದೆ.

ದಸರೆ ಮುಗಿಸಿ ಮಗ್ಗಗಳು ಮತ್ತೆ ಶುರುವಾದ ದಿನ ರಿಮೋಟು ಕೆಲಸ ಮಾಡಲಿಲ್ಲ. ಪೆಟ್ಟಿಗೆ ಚಾಲೂ ಆಗುತ್ತಿತ್ತು. ಅದರ ಮೈಮೇಲಿದ್ದ ಗುಂಡಿಯಿಂದ ಸದ್ದು ಏರಿಸಬಹುದಿತ್ತು, ಇಳಿಸಬಹುದಿತ್ತು. ಆದರೆ ರೇಡಿಯೋದಿಂದ ಟೀವಿಗೆ ಬದಲಿಸಲು ರಿಮೋಟೇ ಬೇಕು. ಹಬ್ಬದ ದಿನ ಸರೋಜ ಹಾಡು ಕೇಳಿ ಹಾಗೇ ಬಿಟ್ಟಿದ್ದಳು. ಹೀಗಾಗಿ ತೆರೆಯ ಮೇಲೆ ನಾಯಕ ಬಾಯಿ ತೆರೆದರೆ ಐದೂ ದಿಕ್ಕಿನಿಂದ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಕ್ರಮ ಕೇಳಿಸುತ್ತಿತ್ತು. ನಾಯಕಿ ಅದಕ್ಕೂ ಅಳುತ್ತಿದ್ದಳು.

ರಿಮೋಟು ಕೆಟ್ಟರೆ ಗೃಹಸ್ಥನಾದವನು ಮಾಡುವುದನ್ನೆಲ್ಲ ಮಾಡಿದೆ. ಅಂಗೈಗೆ ಬಡಿದೆ. ಸೆಲ್ಲುಗಳನ್ನು ತಿರುಗಿಸಿದೆ, ಬಿಸಿಲಿಗಿಟ್ಟೆ, ಹಲ್ಲಿನಲ್ಲಿ ಕಚ್ಚಿದೆ. ಹೊಸ ಸೆಲ್ಲು ತಂದೆ. ಸವೆಯಬಾರದೆಂದು ತೊಡಿಸಿದ್ದ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿದೆ. ರಿಪೇರಿ ಅಂಗಡಿಯವನು ಪೆಟ್ಟಿಗೆಯನ್ನು ನೋಡದೆಯೇ "ಬೋರ್ಡ್ ಹೋಗೈತೆ ಸಾರ್" ಎಂದು ಮರಣ ನಿಶ್ಚಯಿಸಿದ. ಸುದ್ದಿ ತೂಬಗೆರೆಯಲ್ಲಿರುವ ನನ್ನ ಬಾಮೈದ ನಾಗನಿಗೆ ಹೇಗೋ ಮುಟ್ಟಿತು. ಅವನು ಹೊಸದಾಗಿ ಮಹಡಿ ಕಟ್ಟಿಸಿದ್ದಾನೆ. ಅಲ್ಲಿ ಸದ್ದು ಮಾಡುವಂಥದ್ದು ಏನಾದರೂ ಬೇಕಾಗಿತ್ತು.

"ಭಾವ, ನಿಮ್ಗ್ಯಾಕೆ ಈ ತಲೆನೋವು? ನನಗ್ ಕೊಟ್ಬಿಡಿ. ನಾನ್ ಹೆಂಗೋ ಮಾಡ್ಕೊಂತೀನಿ" ಎಂದು ಫೋನಿನಲ್ಲೇ ಉದಾರನಾದ.

ಸರೋಜ ತೀರ್ಪು ಕೊಟ್ಟಳು: "ಶನಿವಾರದೊಳಗೆ ಸರಿ ಹೋಗ್ಲಿಲ್ಲ ಅಂದ್ರೆ ನಾಗನ ಮನೆಗೆ ಹೋಗುತ್ತೆ, ಅಷ್ಟೇ. ಆ ಜಾಗದಲ್ಲಿ ನಾನು ಹೂವಿನ ಕುಂಡ ಇಡ್ತೀನಿ."

ನಾನು ಓದಿದವನು. ಸಾಕ್ಷ್ಯ ಹುಡುಕದೆ ಸಾಮ್ರಾಜ್ಯ ಬಿಟ್ಟುಕೊಡುವುದು ಹೇಗೆ? ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರನ್ನು ಕೇಳಿದೆ. "ರಿಮೋಟಿಂದ ಬರೋದು ಕಣ್ಣಿಗೆ ಕಾಣದ ಬೆಳಕು ಸಾರ್. ಮೊಬೈಲಿನ ಸೆಲ್ಫಿ ಕ್ಯಾಮೆರಾಗೆ ಕಾಣುತ್ತೆ. ಅದರ ಮುಂದೆ ಹಿಡಿದು ಗುಂಡಿ ಒತ್ತಿ" ಎಂದರು. ಮನೆಗೆ ಬಂದು ಒತ್ತಿದೆ. ಮೊಬೈಲಿನಲ್ಲಿ ರಿಮೋಟಿನ ತುದಿ ನೇರಳೆ ಬಣ್ಣದಲ್ಲಿ ಮಿಣಮಿಣ ಎಂದಿತು! ನಾನು ಕೂಗಿಕೊಂಡೆ: "ಸರೋಜಾ, ರಿಮೋಟು ಮಾತಾಡ್ತಿದೆ! ಪೆಟ್ಟಿಗೆಗೇ ಕಿವಿ ಕೇಳಿಸ್ತಿಲ್ಲ!" ಅವಳು ಒಳಗಿನಿಂದ, "ಈ ಮನೇಲಿ ಅದೊಂದಕ್ಕೇ ಅಲ್ಲ" ಎಂದಳು.

ಬಿಸಿಲು ಬಿದ್ದರೂ ಪೆಟ್ಟಿಗೆಗೆ ಗೊಂದಲವಾಗುತ್ತದೆ ಎಂದಿದ್ದರು ಮೇಷ್ಟ್ರು. ಪರದೆ ಎಳೆದು, ದೀಪ ಆರಿಸಿ, ಕತ್ತಲಲ್ಲಿ ಮೊಣಕಾಲೂರಿ ರಿಮೋಟು ಚಾಚಿದೆ. ಕೆಲಸ ಮಾಡಲಿಲ್ಲ. ಅಷ್ಟರಲ್ಲಿ ಶನಿವಾರವೂ ಬಂತು. ಲಗೇಜ್ ಆಟೋ ತೆಗೆದುಕೊಂಡು ನಾಗನೂ ಬಂದ. ಬಂದವನೇ ಸ್ಪೀಕರುಗಳ ವೈರು ಕಳಚಲು ಶುರುಮಾಡಿದ. ಕೊನೆಯ ಆಸರೆಯಾಗಿ ದಿನಚರಿ ತೆರೆದೆ. ರಿಮೋಟು ಕೊನೆಯ ಬಾರಿ ಕೆಲಸ ಮಾಡಿದ್ದು ಹಬ್ಬದ ಬೆಳಿಗ್ಗೆ. ಆಮೇಲೆ ಮೂರು ದಿನ ಮಗ್ಗಕ್ಕೆ ರಜ; ಊರೇ ನಿಶ್ಶಬ್ದವಾಗಿದ್ದರಿಂದ ಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಆ ಹಬ್ಬದ ದಿನದ ಪುಟದಲ್ಲಿ ಇತಿಹಾಸಕಾರ ಬರೆದದ್ದು ಇಷ್ಟೇ: 'ಒಬ್ಬಟ್ಟು ಚೆನ್ನಾಗಿತ್ತು. ನಾಗ ಬಂದಿದ್ದ.'

"ಏನಪ್ಪಾ ನಾಗ, ಅವತ್ತು ನೀನೇನಾದ್ರೂ ಇದನ್ನ ಮುಟ್ಟಿದ್ಯಾ?"

"ನಾನ್ಯಾಕ್ ಮುಟ್ಲಿ ಭಾವ? ಆಯುಧಪೂಜೆ ಅಂತ ಪೂಜೆ ಮಾಡಿಟ್ಟಿದ್ರಲ್ಲಾ."

ಪೂಜೆ! ನಮ್ಮ ಮನೆಗಳಲ್ಲಿ ಕುಂಕುಮ ಕಣ್ಣಿಗೆ ಕಾಣುವ ವಸ್ತುವೇ ಅಲ್ಲ. ಸ್ಕೂಟರಿಗಿರುತ್ತದೆ, ಮಿಕ್ಸಿಗಿರುತ್ತದೆ, ಫ್ರಿಜ್ಜಿಗಿರುತ್ತದೆ, ಯಾರು ನೋಡುತ್ತಾರೆ? ಬಗ್ಗಿ ನೋಡಿದೆ. ಪೆಟ್ಟಿಗೆಯ ಎದುರು ಭಾಗದಲ್ಲಿ ಬೆರಳುಗುರಿನಷ್ಟು ಅಗಲದ ಒಂದು ಕಪ್ಪು ಕಿಟಕಿ. ರಿಮೋಟಿನ ಮಾತು ಒಳಗೆ ಹೋಗುವುದು ಅಲ್ಲಿಂದಲೇ. ಅದರ ಮೇಲೆ, ಹಣೆಗಿಟ್ಟಷ್ಟು ಸರಿಯಾಗಿ, ದಪ್ಪಗೆ ಗಂಧ, ಅದರ ಮೇಲೆ ಕುಂಕುಮ, ಒಣಗಿ ಗಾರೆಯಾಗಿತ್ತು.

"ಸಿಕ್ತು!" ಎಂದು ಒದ್ದೆ ಬಟ್ಟೆಗೆ ಕೈ ಹಾಕಿದೆ. ಸರೋಜ ಓಡಿಬಂದಳು. "ರೀ! ಇಟ್ಟ ಕುಂಕುಮ ಒರೆಸ್ತೀರಾ? ಶನಿವಾರ ಬೇರೆ!"

"ಅದೇ ಕಣೇ ಕಿವಿ ಮುಚ್ಚಿರೋದು!"

"ಅದಕ್ಕೇ ಹಿಂಗ್ ಒರೆಸೋದಾ? ತಡೀರಿ." ಕುಂಕುಮದ ಬಟ್ಟಲು ತಂದು, ಪೆಟ್ಟಿಗೆಯ ನೆತ್ತಿಯ ಮೇಲೆ ಮೊದಲು ಹೊಸದೊಂದು ಬೊಟ್ಟಿಟ್ಟಳು. ಬರಿ ಹಣೆಯ ದೋಷ ತಪ್ಪಿತು. "ಈಗ ಹಳೇದು ತೆಗೀರಿ" ಎಂದು ಅಪ್ಪಣೆಯಾಯಿತು.

ಒರೆಸಿದೆ. ನಾಗ ಕಳಚಿದ ವೈರುಗಳನ್ನು ಅವನಿಂದಲೇ ಮರಳಿ ಹಾಕಿಸಿದೆ. ಟೀವಿ ಹಾಕಿದೆ, ರಿಮೋಟು ಒತ್ತಿದೆ. ರೇಷ್ಮೆ ಹುಳುವಿನ ವಿಷಯ ಪದದ ಮಧ್ಯದಲ್ಲಿ ಕತ್ತರಿಸಿಹೋಯಿತು. ಐದೂ ದಿಕ್ಕಿನಿಂದ ನಾಯಕ ತನ್ನ ಬಾಯಿಂದಲೇ ಮಾತಾಡಿದ! ಸದ್ದು ಏರಿಸಿದೆ. ಗಾಜಿನ ಲೋಟಗಳು ನಡುಗಿದವು. ಇನ್ನೂ ಏರಿಸಿದೆ. ಬಾಗಿಲಲ್ಲಿ ಮುನಿರಾಜಪ್ಪ ಏದುಸಿರು ಬಿಡುತ್ತ ನಿಂತಿದ್ದರು. "ಏನ್ ಮೇಷ್ಟ್ರೇ ಇದು! ನನ್ ಮಗ್ಗದ ಸದ್ದೇ ಕೇಳಿಸ್ತಿಲ್ಲ. ಎಂಟೂ ನಿಂತೋದ್ವೇನೋ ಅಂತ ಓಡಿಬಂದೆ!" ನನ್ನ ಜೀವಮಾನದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಬಂದಿಲ್ಲ.

ಆ ಉಬ್ಬಿನಲ್ಲಿ ಸುಮ್ಮನಿರಬೇಕಿತ್ತು. "ನೋಡಿ, ಇವಳು ಎಲ್ಲಿ ಕುಂಕುಮ ಇಟ್ಟಿದ್ದಾಳೆ ಅಂತ! ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಅದೊಂದೇ ಜಾಗ ಸಿಕ್ಕಿದ್ದು" ಎಂದು ಮುನಿರಾಜಪ್ಪನವರಿಗೆ ವಿವರಿಸಿದೆ. ಹಬ್ಬದ ದಿನ ಅವಳು ಬಟ್ಟಲು ಹಿಡಿದು ಬಾಗಿದ್ದು, ಬಳೆ ಸದ್ದಾದದ್ದು, ನನಗೆ ಸ್ಪಷ್ಟವಾಗಿ ನೆನಪಿತ್ತು. ಖಾಲಿ ಆಟೋದೊಂದಿಗೆ ಹೊರಡಬೇಕಾಗಿದ್ದ ನಾಗ ತನ್ನ ಮೊಬೈಲಿನಲ್ಲಿ ಏನೋ ಹುಡುಕಿ ಎಲ್ಲರಿಗೂ ತೋರಿಸಿದ. ಹಬ್ಬದ ದಿನ ಅವನೇ ತೆಗೆದ ಫೋಟೋ. ಪಂಚೆ ಉಟ್ಟ ಒಬ್ಬರು ಪೆಟ್ಟಿಗೆಯ ಮುಂದೆ ಬಾಗಿ, ಉಂಗುರದ ಬೆರಳಲ್ಲಿ ಆ ಕಪ್ಪು ಕಿಟಕಿಗೆ ಗುರಿಯಿಟ್ಟು ಕುಂಕುಮ ಒತ್ತುತ್ತಿದ್ದಾರೆ.

"ಭಾವ, ಎಷ್ಟ್ ಭಕ್ತಿಯಿಂದ ಇಡ್ತಾ ಇದೀರ ನೋಡಿ!"

ಎಲ್ಲರೂ ಹೋದ ಮೇಲೆ ದಿನಚರಿ ತೆಗೆದು ಕೂತೆ. ಸಾಕ್ಷ್ಯವನ್ನು ಮುಚ್ಚಿಡುವವನು ನಾನಲ್ಲ. 'ಕಿಟಕಿಯ ಮೇಲೆ ಕುಂಕುಮ ಇಟ್ಟಿದ್ದೆ' ಎಂದು ಬರೆಯಲು ಹೊರಟೆ. 'ಕುಂಕುಮ' ಎನ್ನುವವರೆಗೆ ಪೆನ್ನು ಸರಾಗವಾಗಿ ಓಡಿತು, ಆಮೇಲೆ ಕ್ರಿಯಾಪದದ ಹತ್ತಿರ ನಿಂತುಬಿಟ್ಟಿತು. ನಮ್ಮ ಭಾಷೆ ದೊಡ್ಡ ಮನಸ್ಸಿನದು. ಸ್ವಲ್ಪ ಯೋಚಿಸಿ ಹೀಗೆ ಮುಗಿಸಿದೆ: 'ಕಿಟಕಿಯ ಮೇಲೆ ಕುಂಕುಮ ಬಿದ್ದಿತ್ತು. ಪತ್ತೆ ಹಚ್ಚಿದವನು ನಾನು.'