ತೋಫುವಿಗೆ ಎಷ್ಟು ಉಪ್ಪು

ನನಗೆ ಅಡಿಗೆ ಬರುವುದಿಲ್ಲ. ಅಡಿಗೆಯ ಬಗ್ಗೆ ಅಭಿಪ್ರಾಯ ಮಾತ್ರ ಚೆನ್ನಾಗಿ ಬರುತ್ತದೆ. ಇದು ನನ್ನೊಬ್ಬನ ರೋಗವಲ್ಲ, ನಮ್ಮ ಕಡೆಯ ಗಂಡಸರಿಗೆ ಮೀಸೆಯ ಜೊತೆಗೇ ಮೂಡುವ ವಿದ್ಯೆ. ತಾಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಅರ್ಧ ಮುಚ್ಚಿ, ಎಲ್ಲರೂ ನಮ್ಮ ಮುಖ ನೋಡುತ್ತಿದ್ದಾರೆಂದು ಖಾತ್ರಿಯಾದ ಮೇಲೆ "ಉಪ್ಪು ಒಂಚೂರು ಕಮ್ಮಿ ಅದ" ಎಂದುಬಿಡುವುದು. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಈ ತೀರ್ಪನ್ನು ದಿನಕ್ಕೆರಡು ಸಲ ತಪ್ಪದೆ ಕೊಟ್ಟುಕೊಂಡು ಬಂದಿದ್ದೇನೆ. ಉಪ್ಪು ಸರಿಯಿದ್ದ ದಿನ ಖಾರ ಮುಂದಾಗಿರುತ್ತಿತ್ತು. ಎಲ್ಲವೂ ಸರಿಯಿದ್ದ ದಿನ ಏನೂ ಅನ್ನದೆ ಎದ್ದು ಕೈ ತೊಳೆಯುತ್ತಿದ್ದೆ. ಅದನ್ನೇ ಹೊಗಳಿಕೆ ಎಂದು ತಿಳಿಯುವುದು ಆಕೆಯ ಜವಾಬ್ದಾರಿ. ಆಕೆ ಎಂದರೆ ನನ್ನ ಹೆಂಡತಿ ಮಹಾದೇವಿ. ಸುರಪುರದ ಹೆಣ್ಣು. ಸುರಪುರದವರಿಗೆ ತಮ್ಮೂರಿನ ಬಗ್ಗೆ ಒಂದು ಠೀವಿ ಇರುತ್ತದೆ. ಶಹಾಪುರಕ್ಕೆ ಸೊಸೆಯಾಗಿ ಬಂದದ್ದೇ ನಮ್ಮ ಮೇಲೆ ಮಾಡಿದ ಉಪಕಾರ ಎಂದು ಆಕೆಯ ಖಚಿತ ನಂಬಿಕೆ. ಆದ್ದರಿಂದ ನನ್ನ ತೀರ್ಪಿಗೆ ಬಾಯಿಂದ ಉತ್ತರ ಕೊಡುತ್ತಿರಲಿಲ್ಲ. ಉಪ್ಪಿನ ಡಬ್ಬಿ ತಂದು ತಾಟಿನ ಪಕ್ಕದಲ್ಲಿ ಟಕ್ಕೆಂದು ಇಟ್ಟು ಒಳಗೆ ಹೋಗುತ್ತಿದ್ದಳು.

ಈ ಸಲದ ಮಳೆಗಾಲದಲ್ಲಿ ಮಹಾದೇವಿಗೆ ಟೈಫಾಯ್ಡ್ ಬಂತು. ಹದಿನೈದು ದಿನ ಕಾಡಿಸಿ ಜ್ವರ ಹೋಯಿತು. ಹೋಗುವಾಗ ಆಕೆಯ ನಾಲಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಏನು ಕೊಟ್ಟರೂ "ಮಣ್ಣು ತಿಂದಂಗ ಆಗ್ತದ್ರಿ" ಎನ್ನುವಳು. ಜೋಳದ ಗಂಜಿ ಮಣ್ಣು, ಬೇಳೆಕಟ್ಟು ಮಣ್ಣು. ತವರಿನಿಂದ ಡಬ್ಬಿ ತುಂಬಿ ಬಂದ ಪುಂಡಿಪಲ್ಯವೂ ಮಣ್ಣು. ಸುರಪುರದ ಪುಂಡಿಪಲ್ಯವನ್ನು ಆಕೆಯೇ ಮಣ್ಣೆಂದ ದಿನ ನನಗೆ ನಿಜಕ್ಕೂ ಹೆದರಿಕೆಯಾಯಿತು. ಉಪ್ಪು ಹಾಕಿದೆಯೋ ಇಲ್ಲವೋ ಅನ್ನುವುದೂ ಆಕೆಗೆ ಗೊತ್ತಾಗುತ್ತಿರಲಿಲ್ಲ. ಎರಡು ತುತ್ತಿಗೆ ತಾಟು ಸರಿಸಿಬಿಡುವಳು. ಮುಂಗೈಯ ಹಸಿರು ಬಳೆಗಳು ಕೈ ಎತ್ತಿದರೆ ಮೊಳಕೈ ತನಕ ಜಾರುತ್ತಿದ್ದವು. ಡಾಕ್ಟರು ನೋಡಿ, "ಗುಳಿಗಿ ಎಲ್ಲಾ ಮುಗದಾವ್ರಿ, ಇನ್ನ ಊಟಾನೇ ಔಷಧ. ಹೊಟ್ಟಿಗೆ ಪ್ರೋಟೀನ್ ಹೋಗಬೇಕು. ಹಿಂಗೇ ಬಿಟ್ರ ಮತ್ತ ಅಡ್ಮಿಟ್ ಮಾಡಿ ಸಲೈನ್ ಹಚ್ಚಬೇಕಾಗ್ತದ" ಎಂದರು. ಹಾಲಿನ ವಾಸನೆ ಬಂದರೆ ಆಕೆಗೆ ವಾಂತಿ. ಮೊಸರು, ಪನೀರು ಎಲ್ಲಕ್ಕೂ ಅದೇ ಗತಿ. ತತ್ತಿಯ ಮಾತೇ ಇಲ್ಲ, ನಮ್ಮ ಮನೆಯ ಹೊಸ್ತಿಲು ಅದನ್ನು ಕಂಡಿಲ್ಲ. ಕಲಬುರಗಿಯಲ್ಲಿ ನರ್ಸಿಂಗ್ ಓದುವ ಮಗಳಿಗೆ ಫೋನ್ ಹಚ್ಚಿದೆ.

"ಅಪ್ಪಾಜಿ, ತೋಫು ಮಾಡಿ ಕೊಡ್ರಿ. ಸೋಯಾ ಹಾಲಿನ ಪನೀರ್ ಅದು, ಹಸುವಿನ ಹಾಲಿನ ವಾಸನಿ ಇರಂಗಿಲ್ಲ. ಮಸಾಲಿ ಹಚ್ಚಿ, ನೆನಿಯಾಕ ಇಟ್ಟು, ಬೇಕ್ ಮಾಡಬೇಕು, ಅಷ್ಟೇ."

"ಯಾರು ಮಾಡಬೇಕವ್ವಾ?" ಎಂದೆ.

"ಮನ್ಯಾಗ ಜ್ವರ ಬಂದಾಕಿ ಒಬ್ಬಾಕಿ, ಒಂದ ಕಣ್ಣಿನ ಅಮ್ಮ ಒಬ್ಬಾಕಿ. ಉಳದಾವ್ರು ಯಾರು ನೀವೇ ಲೆಕ್ಕ ಹಾಕ್ರಿ" ಎಂದಳು. ಅಮ್ಮ ಎಂದರೆ ನನ್ನ ತಾಯಿ. ಒಂದು ಕಣ್ಣಿನ ಪೊರೆ ತೆಗೆಸಿದ್ದೇವೆ, ಇನ್ನೊಂದಕ್ಕೆ ಆಕೆ ಒಪ್ಪಿಲ್ಲ. "ಇರೋದು ನೋಡಾಕ ಒಂದ ಸಾಕು" ಎನ್ನುತ್ತಾಳೆ.

ನಾನು ದಿನಾ ಬಸ್ಸಿನಲ್ಲಿ ಯಾದಗಿರಿಗೆ ಹೋಗಿ ಬರುವ ನೌಕರ, ಕಚೇರಿಯಲ್ಲಿ ಟಪಾಲು ವಿಭಾಗ. ಅಲ್ಲಿಯ ದೊಡ್ಡ ಅಂಗಡಿಯೊಂದರ ಫ್ರಿಜ್ಜಿನಲ್ಲಿ ಐಸ್‌ಕ್ರೀಮಿನ ಹಿಂದೆ ಅಡಗಿಕೊಂಡಿದ್ದ ತೋಫುವನ್ನು ಪತ್ತೆ ಮಾಡಿ, ತೊಡೆಯ ಮೇಲಿಟ್ಟುಕೊಂಡು ಶಹಾಪುರಕ್ಕೆ ತಂದೆ. ಪ್ಯಾಕೆಟ್ಟಿನ ತಣ್ಣೀರು ಇಳಿದು ಪ್ಯಾಂಟು ಒದ್ದೆಯಾಗಿ, ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಚೀಲವನ್ನು ಮುಂದೆ ಹಿಡಿದುಕೊಂಡೇ ನಡೆಯಬೇಕಾಯಿತು. ಅವಸರದಲ್ಲಿ ಅದನ್ನು ಕತ್ತರಿಸಿ, ಹಂಚಿನ ಮೇಲೆ ಹಾಕಿ, ಮೇಲೊಂದಿಷ್ಟು ಖಾರದ ಪುಡಿ ಉದುರಿಸಿ ಕೊಟ್ಟೆ. ಮಹಾದೇವಿ ಒಂದು ಚೂರು ಕಚ್ಚಿ, "ಇದಕ್ಕ ರುಚಿ ಇಲ್ಲೋ, ನನಗ ತಿಳಿಯವಲ್ದೋ?" ಎಂದು ಕೇಳಿದಳು. ನಾನೂ ಒಂದು ತಿಂದು ನೋಡಿದೆ. ಮಣ್ಣು ತಿಂದಂತಾಗುವುದು ಎಂದರೇನು ಎಂದು ನನಗೂ ತಿಳಿಯಿತು. ಮಗಳು ಫೋನಿನಲ್ಲಿ ಬೈದಳು: "ಅಪ್ಪಾಜಿ, ಮೊದಲ ಅದರಾಗಿನ ನೀರು ಹಿಂಡಬೇಕ್ರಿ. ಒಳಗ ನೀರೇ ತುಂಬಿಕೊಂಡಿದ್ರ ಮಸಾಲಿ ಎಲ್ಲಿ ಹೋಗಿ ಕುಂದರಬೇಕು?" ದಿನಾ ಸಂಜೆ ಯಾದಗಿರಿಯಲ್ಲಿ ತುಂಬಿದ ಬಸ್ಸಿನ ಬಾಗಿಲಿಗೆ ಜೋತುಬೀಳುವವನಿಗೆ ಈ ಮಾತು ಥಟ್ಟನೆ ಅರ್ಥವಾಯಿತು.

ಎರಡನೆಯ ಸಲ ಸರಿಯಾದ ಕ್ರಮದಲ್ಲೇ ಹೊರಟೆ. ತೋಫುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಮೇಲೆ ಖಾರ ಅರೆಯುವ ಕಲ್ಲು ಹೇರಿದೆ. ನೀರೆಲ್ಲ ಬಸಿದ ಮೇಲೆ ಬಿಚ್ಚಿದರೆ ಒಳ್ಳೆ ಗಟ್ಟಿಯಾಗಿತ್ತು. ಅಂಗೈಗಿಂತ ಸ್ವಲ್ಪ ಸಣ್ಣದಾಗಿ ಮೂರು ಚೌಕ ಕತ್ತರಿಸಿ, ಹಿತ್ತಾಳೆ ತಾಟಿನಲ್ಲಿ ಜೋಡಿಸಿ, ಗಾಳಿಗೆ ಆರಲೆಂದು ಇಡಲು ಜಾಗ ಹುಡುಕಿದೆ. ಅಡಿಗೆಮನೆಯಲ್ಲಿ ಇಟ್ಟರೆ ಬೆಕ್ಕು ಬಿಡುವುದಿಲ್ಲ. ಆ ಬೆಕ್ಕು ಹೆದರುವುದು ಅವ್ವನ ಪೂಜೆಯ ಗಂಟೆಗೆ ಮಾತ್ರ. ಆದ್ದರಿಂದ ದೇವರ ಜಗಲಿಯ ಬದಿಗಿನ ಗೂಡಿನಲ್ಲಿ ಇಟ್ಟು ಸ್ನಾನಕ್ಕೆ ಹೋದೆ. ಲಿಂಗಪೂಜೆಯ ಮನೆಯಲ್ಲಿ, ದೇವರ ಜಗಲಿಯ ಪಕ್ಕದಲ್ಲಿ, ಹಿತ್ತಾಳೆ ತಾಟಿನಲ್ಲಿ, ಬೆಳ್ಳಗೆ ಚೌಕವಾಗಿ ಕುಳಿತಿರುವುದು ಏನಿರಬಹುದು? ನೀವಾದರೂ ಏನೆಂದುಕೊಳ್ಳುತ್ತಿದ್ದಿರಿ? ನಾನು ತಲೆ ಒರೆಸಿಕೊಳ್ಳುತ್ತ ಹೊರಗೆ ಬರುವಷ್ಟರಲ್ಲಿ ಅವ್ವ ಜಗಲಿಯ ಮುಂದೆ ಕುಳಿತು, ಒಂದು ತೋಫುವಿಗೆ ನೀರು ಚಿಮುಕಿಸಿ, ಮೂರು ಬೆರಳಿನಿಂದ ತಿಕ್ಕಿ ತಿಕ್ಕಿ ಹಣೆಗೆ ಹಚ್ಚಿಕೊಳ್ಳುತ್ತಿದ್ದಳು. ಹಣೆಯ ಮೇಲೆ ಅಲ್ಲಲ್ಲಿ ಬಿಳಿ ಚೂರು.

"ತಮ್ಮಾ, ಈ ಈಬತ್ತಿ ಎಲ್ಲಿಂದ ತಂದೀಯೋ? ಬಾಳ ಹಸೀ ಅದ. ಎಷ್ಟು ತಿಕ್ಕಿದರೂ ಹಣಿಗೆ ನಿಲ್ಲವಲ್ದು" ಎಂದಳು.

"ಯವ್ವಾ, ಅದು ವಿಭೂತಿ ಅಲ್ಲಬೇ! ತಿನ್ನೋದು!"

"ತಿನ್ನೋದು ತಂದು ಜಗಲಿ ಮ್ಯಾಲ ಯಾರಾರ ಇಡ್ತಾರೇನು?" ಎಂದು ನನಗೇ ಜಬರಿಸಿದಳು. ಆಮೇಲೆ ನೆನಪಾದಂತೆ, "ಹಂಗಾರ ಬಾಜೂ ಮನಿ ಗಂಗಮ್ಮಗ ಎರಡು ಗಟ್ಟಿ ಕೊಟ್ಟು ಕಳಿಸೀನಲ್ಲೋ, ಶ್ರೀಶೈಲದ್ದು ಇರಬೇಕು ಅಂತ ಹೇಳಿ!"

ಅಷ್ಟರಲ್ಲಿ ಪಡಸಾಲೆಯ ಮಂಚದಿಂದ ಒಂದು ಸದ್ದು ಬಂತು. ಮಹಾದೇವಿ ಗೋಡೆಯ ಕಡೆ ಹೊರಳಿ, ಸೆರಗನ್ನು ಬಾಯಿಗೆ ತುರುಕಿಕೊಂಡು, ಬಳೆಗಳೆಲ್ಲ ಮೊಳಕೈಗೆ ಬಂದು ಗಲಗಲ ಅನ್ನುವ ಹಾಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ತಿಂಗಳಾಯಿತು ಆ ನಗು ಕೇಳಿ. ಮನೆಯಲ್ಲಿ ಏನೋ ಕಡಿಮೆಯಾಗಿದೆ ಎಂದು ನನಗೆ ಅನ್ನಿಸುತ್ತಿತ್ತಲ್ಲ, ಅದು ಇದೇ. ತೋಫು ಹೋದರೆ ಹೋಗಲಿ, ಆ ನಗುವಿಗಾಗಿ ಇನ್ನೂ ನಾಲ್ಕು ಪ್ಯಾಕೆಟ್ಟನ್ನು ಅವ್ವನ ಹಣೆಗೆ ಅರ್ಪಿಸಲು ನಾನು ತಯಾರಿದ್ದೆ. ಗಂಗಮ್ಮ ಮಾತ್ರ ಮೂರನೆಯ ದಿನ ಬಂದು, "ಯಕ್ಕಾ, ನಿನ್ನ ಈಬತ್ತಿ ಹುಳಿ ವಾಸನಿ ಹೊಡಿಯಾಕತ್ತದ" ಎಂದು ತುಂಬ ಭಕ್ತಿಯಿಂದಲೇ ಹಿಂತಿರುಗಿಸಿದಳು.

ಮೂರನೆಯ ಸಲಕ್ಕೆ ಭಾನುವಾರ ಹಿಡಿದೆ. ಹಿಂಡಿದ ತೋಫುವನ್ನು ಈ ಬಾರಿ ಸಣ್ಣ ಸಣ್ಣ ತುಂಡು ಮಾಡಿದೆ, ಯಾರೂ ಹಣೆಗೆ ಹಚ್ಚಿಕೊಳ್ಳದ ಹಾಗೆ. ಮಗಳು ಹೇಳಿದ ಬಾಟಲಿಯ ಸಾಸುಗಳು ನಮ್ಮಲ್ಲಿಲ್ಲ. ಇದ್ದದ್ದನ್ನೇ ಸೇರಿಸಿದೆ: ಹುಣಸೆ ರಸ, ಚೂರು ಬೆಲ್ಲ, ಜಜ್ಜಿದ ಬೆಳ್ಳುಳ್ಳಿ, ಮಸಾಲೆ ಖಾರ, ಗುರೆಳ್ಳು ಪುಡಿ, ಶೇಂಗಾ ಎಣ್ಣೆ. ಬೆರಳಿನಿಂದ ನೆಕ್ಕಿ ನೋಡಿದರೆ ಕಿವಿ ಬೆಚ್ಚಗಾಯಿತು. ಇನ್ನು ಉಪ್ಪು. ಡಬ್ಬಿಯ ಮುಚ್ಚಳ ತೆಗೆದವನು ಹಾಗೇ ನಿಂತುಬಿಟ್ಟೆ. ಇಪ್ಪತ್ತೆಂಟು ವರ್ಷ ಉಪ್ಪಿನ ಮೇಲೆ ತೀರ್ಪು ಕೊಟ್ಟವನಿಗೆ ಎಷ್ಟು ಹಾಕಬೇಕು ಅನ್ನುವುದೇ ಗೊತ್ತಿರಲಿಲ್ಲ! ಮಹಾದೇವಿಯನ್ನು ಕೇಳಲು ಮರ್ಯಾದೆ ಅಡ್ಡ ಬಂತು. ಅವ್ವನನ್ನು ಮೆಲ್ಲಗೆ ಕೇಳಿದರೆ "ಕೈಗೆ ತಿಳಿತದಪ್ಪ" ಎಂದಳು. ನನ್ನ ಕೈಗೆ ಟಪಾಲಿನ ತೂಕ ತಿಳಿಯುತ್ತದೆ, ಉಪ್ಪಿನದು ತಿಳಿಯಲಿಲ್ಲ. ಚಿಟಿಕೆ ಹಾಕಿದೆ, ಹೆಚ್ಚಾಯಿತೇನೋ ಎಂದು ಹೆದರಿದೆ, ಇನ್ನೊಂದು ಚಿಟಿಕೆ ಎತ್ತಿ ವಾಪಸು ಡಬ್ಬಿಗೇ ಹಾಕಿದೆ. ದಿನಾ ಎರಡು ಹೊತ್ತು ಆಕೆ ಈ ಹೆದರಿಕೆ ಇಟ್ಟುಕೊಂಡೇ ಒಲೆಯ ಮುಂದೆ ನಿಂತಿದ್ದಳೋ ಏನೋ, ನಾನು ಒಂದು ದಿನವೂ ಕೇಳಿರಲಿಲ್ಲ.

ಎರಡು ತಾಸು ನೆನೆಸಿದ್ದಾಯಿತು. ಸುಡುವುದು ಎಲ್ಲಿ? ನಮ್ಮ ಮನೆಯಲ್ಲಿ ಓವನ್ ಇಲ್ಲ. ನಮ್ಮೂರಲ್ಲಿ ಅದರ ಅಗತ್ಯವೂ ಬಿದ್ದಿಲ್ಲ, ಖಾಜಾಭಾಯಿಯ ಬೇಕರಿಯ ಭಟ್ಟಿ ಇದೆ. ಬೆಳಿಗ್ಗೆ ಬ್ರೆಡ್ಡು ಇಳಿದ ಮೇಲೆ ಆ ಬಿಸಿಯಲ್ಲಿ ಊರಿನವರ ಬಿಸ್ಕೀಟು ಬೇಯುತ್ತವೆ. ರವೆ, ಸಕ್ಕರೆ, ತುಪ್ಪ ಮನೆಯಿಂದ ಒಯ್ದು ಕೊಟ್ಟರೆ ನಾನ್‌ಖಟಾಯಿ ಮಾಡಿ ಡಬ್ಬಿ ತುಂಬಿ ಕೊಡುತ್ತಾನೆ. ಬೇಕರಿಯ ತಗಡಿಗೆ ತತ್ತಿ ತಾಗಿರುತ್ತದೆಂದು ಅವ್ವ ನಮ್ಮದೇ ಸ್ಟೀಲಿನ ತಟ್ಟೆ ಕೊಟ್ಟು ಕಳಿಸಿದಳು. ಡಬ್ಬಿ ಹಿಡಿದ ಏಳೆಂಟು ಹೆಣ್ಣುಮಕ್ಕಳ ಪಾಳಿಯಲ್ಲಿ ನಾನೊಬ್ಬನೇ ಗಂಡಸು. ಖಾಜಾಭಾಯಿ ನನ್ನ ತಟ್ಟೆಯ ಮೇಲಿನ ಬಟ್ಟೆ ಸರಿಸಿ ನೋಡಿ, ಒಂದು ಹೆಜ್ಜೆ ಹಿಂದೆ ಸರಿದ.

"ಏನ್ ಸಾಹೇಬ್ರ, ಖೋವಾಕ ಖಾರ ಹಚ್ಚೀರೇನ್ರಿ?"

"ಸೋಯಾದ್ದು ಖಾಜಾಭಾಯಿ. ಮನ್ಯಾಗಿನವ್ರಿಗೆ ಜ್ವರ ಬಂದು ಬಾಯಿ ಕೆಟ್ಟದ."

"ಅದು ಖರೇ ಅದ್ರಿ, ಮಗರ ಈ ಬೆಳ್ಳುಳ್ಳಿ ವಾಸನಿ ನಾನ್‌ಖಟಾಯಿಗೆ ಹತ್ತಿದ್ರ ಈ ಅಕ್ಕಾರು ನನ್ನ ಸುಮ್ನ ಬಿಡ್ತಾರೇನ್ರಿ? ಎಲ್ಲಾರದೂ ಆಗ್ಲಿ. ಕುಂದರ್ರಿ, ಆಖರಿಗೆ ನಿಮ್ದು ಹಾಕೋಣ."

ಹೀಗಾಗಿ ಎಲ್ಲರ ನಾನ್‌ಖಟಾಯಿ ಆಗುವ ತನಕ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಂದವರಿಗೆಲ್ಲ ತೋಫು ಎಂದರೇನು ಎಂದು ವಿವರಿಸುತ್ತ ಕುಳಿತೆ. ಕೊನೆಗೆ ಖಾಜಾಭಾಯಿ ಉದ್ದನೆಯ ಹಿಡಿಕೆಯ ಹಲಗೆಯಿಂದ ತಟ್ಟೆಯನ್ನು ಭಟ್ಟಿಗೆ ತಳ್ಳಿದ. ನಡುವೆ ಒಮ್ಮೆ ಎಳೆದು ತುಂಡುಗಳನ್ನು ಮಗುಚಿದ, ಮನಸ್ಸು ಬಂದು ತನ್ನ ಲೆಕ್ಕದಲ್ಲೇ ಒಂದಿಷ್ಟು ಎಳ್ಳು ಉದುರಿಸಿದ. ಹೊರಗೆ ಬಂದಾಗ ಅಂಚೆಲ್ಲ ಕೆಂಪಗೆ, ಮಸಾಲೆ ಮೈಗೆ ಹತ್ತಿ ಚುಂಯ್ ಅನ್ನುತ್ತಿತ್ತು. ಮೂಗಿನ ತುಂಬ ಹುಣಸೆ, ಬೆಲ್ಲ, ಸುಟ್ಟ ಬೆಳ್ಳುಳ್ಳಿ. "ಬರಾಬರ್ ಆಗ್ಯಾದ್ರಿ! ಊಟಕ್ಕ ನಾನೂ ಬರ್ತೀನಿ ನಡೀರಿ" ಎಂದು ನಕ್ಕ.

ಮನೆಗೆ ಬಂದು ಅವ್ವ ಬಡಿದ ಬಿಸಿ ರೊಟ್ಟಿಯ ಪಕ್ಕದಲ್ಲಿ ಐದು ತುಂಡು ಇಟ್ಟು ಮಹಾದೇವಿಯ ಮುಂದೆ ತಾಟು ಸರಿಸಿದೆ. ಅವ್ವ ಬಾಗಿಲ ಹತ್ತಿರ, ನಾನು ಮಂಚದ ಕಾಲಿನ ಹತ್ತಿರ. ಮಹಾದೇವಿ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಅಗಿದಳು. ಕಣ್ಣು ಅರ್ಧ ಮುಚ್ಚಿದಳು. ಆಮೇಲೆ ಹೇಳಿದಳು:

"ಉಪ್ಪು ಒಂಚೂರು ಕಮ್ಮಿ ಅದ್ರಿ."

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ! ಮೂರು ಸಲ ಯಾದಗಿರಿಯಿಂದ ಹೊತ್ತು ತಂದದ್ದು, ಪ್ಯಾಂಟು ಒದ್ದೆ ಮಾಡಿಕೊಂಡದ್ದು, ಬೇಕರಿಯಲ್ಲಿ ಹೆಣ್ಣುಮಕ್ಕಳ ಪಾಳಿಯಲ್ಲಿ ಕುಳಿತದ್ದು, ಎಲ್ಲಕ್ಕೂ ಇದೇ ಮಾತೇ? "ಅಲ್ಲ, ಮುಂಜಾನಿಂದ ನಿಂತ ಕಾಲ ಮ್ಯಾಲ ನಿಂತು ಮಾಡಿದವಗ ಮೊದಲ ಬಾಯಾಗ ಬರೋ ಮಾತು ಇದೇನು? ಚೊಲೋ ಆಗ್ಯಾದ ಅನ್ನಾಕ ಏನಾಗ್ತದ ನಿನಗ? ಮಾಡಾವ್ರ ಕಷ್ಟ..." ಎಂದು ಶುರುಮಾಡಿ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ, ಅವ್ವ ನನ್ನ ತೋಳು ಹಿಡಿದು ಅಲುಗಾಡಿಸಿದಳು.

"ಹುಚ್ಚಪ್ಪಾ, ಸುಮ್ಮನಾಗೋ! ಆಕಿಗೆ ಉಪ್ಪು ತಿಳಿಯಾಕತ್ತದಲ್ಲೋ!"

ಮಹಾದೇವಿ ಕೈಯಲ್ಲಿ ಹಿಡಿದ ತುಂಡನ್ನು ನೋಡುತ್ತ, "ಹೌದಲ್ಲತ್ತಿ!" ಎಂದಳು. ಇನ್ನೊಂದು ತಿಂದಳು. "ಹುಳಿ ತಿಳಿತದ. ಖಾರನೂ ತಿಳಿತದ. ಬೆಲ್ಲ ಹಾಕೀರಿ, ಅಲ್ರೀ?" ನಾನು ಎದ್ದು ಅಡಿಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತಂದು ಆಕೆಯ ತಾಟಿನ ಪಕ್ಕದಲ್ಲಿ ಇಟ್ಟೆ. ಟಕ್ಕೆಂದು ಇಡಲಿಲ್ಲ, ಮುಚ್ಚಳವನ್ನೂ ನಾನೇ ತೆಗೆದುಕೊಟ್ಟೆ. ಐದೂ ತುಂಡು ಮುಗಿದು, ಇನ್ನೂ ನಾಲ್ಕು ಹೋದವು, ಜೊತೆಗೊಂದು ರೊಟ್ಟಿ. ಬಹಳ ಸಂತೋಷವಾಯಿತು ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಹಿತ್ತಲಿಗೆ ಹೋಗಿ, ಬೆಳ್ಳುಳ್ಳಿ ಕೈಯಿಂದ ಕಣ್ಣು ಒರೆಸಿಕೊಂಡು, ಅದರ ಉರಿಗೆ ಇನ್ನಷ್ಟು ಕಣ್ಣೀರು ಹಾಕಿ ಬಂದೆ.

ಹದಿನೈದು ದಿನದಲ್ಲಿ ಬಳೆಗಳು ಮುಂಗೈಗೆ ಬಂದು ನಿಂತವು, ಮಹಾದೇವಿ ಒಲೆಯ ಮುಂದೆ ನಿಂತಳು. ಆ ಮೊದಲ ದಿನ ತಾಟಿನ ಮುಂದೆ ಕುಳಿತವನು ಒಂದು ಶಪಥ ಮಾಡಿಕೊಂಡೇ ಕುಳಿತಿದ್ದೆ. ಉಪ್ಪಿನ ಸಂಕಟ ಏನೆಂದು ಬಲ್ಲವನಾಗಿದ್ದೆನಲ್ಲ, ಇನ್ನು ಈ ಬಾಯಿಂದ ಆ ತೀರ್ಪು ಬರಕೂಡದು. ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟೆ. ಸಪ್ಪೆ! ಬರೀ ಸಪ್ಪೆಯಲ್ಲ, ನನ್ನ ಮೊದಲ ತೋಫುವಿನಷ್ಟು ಸಪ್ಪೆ. ಆಕೆ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕಣ್ಣು ಮುಚ್ಚಿ, ತುತ್ತು ನುಂಗಿ, "ಏನ್ ರುಚಿ ಆಗ್ಯಾದ ಮಾದೇವಿ! ಉಪ್ಪು ಅಂದ್ರ ಉಪ್ಪು, ಬರೋಬ್ಬರಿ ಅದ" ಎಂದೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಹೊಗಳಿದ್ದೆ.

ಮಹಾದೇವಿ ಗಾಬರಿಯಿಂದ ಅವ್ವನ ಕಡೆ ತಿರುಗಿದಳು. "ಅತ್ತೀ, ನೋಡ್ರಿಲ್ಲಿ! ಇವ್ರು ಏನಂತಾರ ನೋಡೋಣ ಅಂತ ನಾ ಬ್ಯಾಳಿಗಿ ಉಪ್ಪೇ ಹಾಕಿಲ್ರಿ. ಇವ್ರ ನಾಲಗಿ ಹೋಗ್ಯಾದ!"

ಆ ದಿನದಿಂದ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ತೋಫು. ಹಿಂಡುವುದು, ನೆನೆಸುವುದು, ಖಾಜಾಭಾಯಿಯ ಪಾಳಿಯಲ್ಲಿ ಕೊನೆಯವನಾಗಿ ಕೂಡುವುದು ಎಲ್ಲವೂ ನನ್ನದೇ. ಔಷಧವೆಂದು ತಿನ್ನಿಸುವುದು ಮಾತ್ರ ನನಗೆ.